ಪುಕ್ಕಟೆ ನೆರಳು

ಮಹಾಲಿಂಗಪ್ಪನ ಕೊಡಲಿ ಏಟಿಗೆ ಬೇವಿನ ಕೊಂಬೆ ಬಿದ್ದದ್ದೇ, ಪಕ್ಕದ ಮನೆಯ ಸಿದ್ದಲಿಂಗವ್ವನ ಕೊಲಂಬೈನ್ ಹೂವಿನ ಗಿಡಗಳ ಮೇಲೆ ರೋಣದ ಬಿಸಿಲು ಒಮ್ಮೆಲೇ ಸುರಿಯಿತು. ಇಂಗ್ಲಿಷ್ ದೊರೆಗಳು ಬಿಟ್ಟುಹೋದ ಬೆಳಗಾವಿಯ ಬಂಗಲೆಯಿಂದ ಅವಳ ತಮ್ಮ ತಂದುಕೊಟ್ಟ ಬೀಜದ ಗಿಡಗಳು. ತೆಳು ನೆರಳಿಲ್ಲದಿದ್ದರೆ ಒಂದು ದಿನವೂ ತಾಳುವುದಿಲ್ಲ ಎಂದಿದ್ದ. ಎರಡು ವರ್ಷದ ಮೇಲೆ ಈಗ ಮೊದಲ ಮೊಗ್ಗು ಬಂದಿತ್ತು.

"ನನ್ನ ಮರದ ನೆರಳು ನಿನಗ್ಯಾಕ ಪುಕ್ಕಟೆ?" ನಡುಗೋಡೆಯಾಚೆಯಿಂದ ಮಹಾಲಿಂಗಪ್ಪ ನಕ್ಕ. "ದೊರಿಸಾನಿ ಆಗಾಕ ಹೊಂಟಾಳ!"

"ನಗು, ನಗು. ನಿನ್ನ ಹಲ್ಲಿಗೂ ಬಿಸಲು ಬಡೀಲಿ," ಎಂದು ಸಿದ್ದಲಿಂಗವ್ವ ಒಳಗೆ ಓಡಿದಳು. ಆಗಷ್ಟೇ ಹಿಂಡಿಟ್ಟ ಇಳಕಲ್ ಸೀರೆ ತಂದು, ಒಂದು ತುದಿಯನ್ನು ನಡುಗೋಡೆಯ ಮೇಲೆ ಹಾಕಿ, ಇನ್ನೊಂದನ್ನು ಗಿಡಗಳಾಚೆಯ ಗೂಟಕ್ಕೆ ಕಟ್ಟಿದಳು.

"ಗ್ವಾಡಿ ನಂದೂ ಐತಿ, ತಗಿ ಅದನ್ನ!" ಮಹಾಲಿಂಗಪ್ಪನ ಕೈ ಸೀರೆಯ ತನಕ ಬಂದು ನಿಂತಿತು. ಒಣಹಾಕಿದ ಪರಹೆಂಗಸಿನ ಸೀರೆಯನ್ನು ಗಂಡಸು ಮುಟ್ಟಿದರೆ ಓಣಿಯೇ ಉಗುಳುತ್ತಿತ್ತು. ಅವನು ಹೆಂಡತಿಯನ್ನು ಕೂಗಿದ. "ನೀಲವ್ವಾ, ಲಗೂ ಬಾ. ಈ ಸೀರಿ ಕಿತ್ತು ಅಕಿ ಮಾರಿಗೆ ಒಗಿ!"

ನೀಲವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಗೋಡೆಯ ಮೇಲಿನ ಸೀರೆ ಗಾಳಿಗೆ ಜಾರತೊಡಗಿತ್ತು. ನೀಲವ್ವ ಗಂಡನ ಕಡೆ ನೋಡಲಿಲ್ಲ. ಬಾಗಿ ಒಂದು ಕಲ್ಲೆತ್ತಿ, ಸೀರೆಯ ಅಂಚಿನ ಮೇಲೆ ಇಟ್ಟಳು.