ಖಾಲಿ ಹಾಲ್‌ನಲ್ಲಿ ಟ್ಯೂನ್ ಮಾಡಿದ ಡ್ರಮ್ಸ್

ಡ್ರಮ್ಸ್ ಬಡಿಯೋಕೆ ಟ್ಯೂನಿಂಗ್ ಬೇರೆ ಬೇಕಾ ಅಂತ ನಗುವವರು ದಯವಿಟ್ಟು ಪೂರ್ತಿ ಓದಿ…

ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಪುಂಡಲೀಕ ಎಂಬ ಡ್ರಮ್ಮರ್ ಇದ್ದರು. ಹೆಂಡತಿ ಶಕುಂತಲಾ ಅದೇ ತಂಡದ ಗಾಯಕಿ.

ಆಕೆ ತೀರಿಕೊಂಡ ಮೇಲೆ ಪುಂಡಲೀಕ ಸ್ಟಿಕ್ ಮುಟ್ಟಲಿಲ್ಲ. ಮನೆಯಲ್ಲಿ ಲೋಟ ಬಿದ್ದರೂ ಆ ಸದ್ದು ಎದೆಗೆ ಬಂದು ಬಡಿಯುತ್ತಿತ್ತು.

ಯಾರಾದರೂ ಆಕೆಯ ಮಾತು ತೆಗೆದರೆ ತಡೆಯಲಾಗುತ್ತಿರಲಿಲ್ಲ… ಹಾಗಾಗಿ ಜನರನ್ನೇ ದೂರ ಇಟ್ಟರು.

ಕೀಬೋರ್ಡ್ ನುಡಿಸುವ ದಸ್ತಗೀರ್ ಮಾತ್ರ ಬೆನ್ನು ಬಿಡಲಿಲ್ಲ. ಶಕುಂತಲಾ ನೆನಪಿನ ಕಾರ್ಯಕ್ರಮ ಇದೆ, ಇದೊಂದಕ್ಕೆ ಬನ್ನಿ ಅಂತ ಗಂಟುಬಿದ್ದ.

ಪುಂಡಲೀಕ ಒಪ್ಪಿದರು. ಇದೇ ಕೊನೆ, ಆಮೇಲೆ ಡ್ರಮ್ಸ್ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೂ ಹೇಳಿದರು.

ಬೆಳಿಗ್ಗೆಯೇ ಹಾಲ್‌ಗೆ ಹೋಗಿ, ಡ್ರಮ್ಮಿನ ಹೊದಿಕೆ ಬಿಗಿಮಾಡುವ ಕೀ ಹಾಕಿ ಒಂದೊಂದೇ ಬೋಲ್ಟ್ ತಿರುಗಿಸುತ್ತಾ ಟ್ಯೂನ್ ಮಾಡಲು ಕೂತರು. ಖಾಲಿ ಕುರ್ಚಿ, ಬೋಳು ಗೋಡೆ… ಒಂದು ಏಟು ಹಾಕಿದರೆ ಸದ್ದು ಗುಂಯ್ ಅಂತ ಸುತ್ತಿ ವಾಪಸ್ ಬರುತ್ತಿತ್ತು.

ಅವರಿಗೆ ಸಹಿಸಲಾಗಲಿಲ್ಲ. ಎಲ್ಲ ಡ್ರಮ್ಮಿಗೂ ಟೇಪ್ ಅಂಟಿಸಿದರು, ಕರವಸ್ತ್ರ ಮಡಚಿ ಇಟ್ಟರು, ದೊಡ್ಡದರೊಳಗೆ ಕಂಬಳಿ ತುರುಕಿದರು. ಗುಂಯ್‌ಗುಡುವುದು ನಿಂತಿತು, ಜೀವಕ್ಕೆ ಸಮಾಧಾನವಾಯಿತು.

ಸಂಜೆ ಹಾಲ್ ತುಂಬಿತು. ಮೊದಲ ಹಾಡಿಗೆ ಬಾರಿಸಿದರೆ… ರಟ್ಟಿನ ಡಬ್ಬಿ ಬಡಿದ ಹಾಗೆ!

ಇನ್ನೂ ಜೋರಾಗಿ ಬಾರಿಸಿದರು. ತೋಳು ನೋಯಿತೇ ಹೊರತು ನಾದ ಬರಲಿಲ್ಲ.

ಮುಂದಿನದು ಶಕುಂತಲಾ ಹಾಡುತ್ತಿದ್ದ ಹಾಡು. ಅದನ್ನೂ ಹಾಳು ಮಾಡುವುದು ಬೇಡ ಎಂದು ಪುಂಡಲೀಕ ಸ್ಟಿಕ್ ಕೆಳಗಿಟ್ಟರು.

ದಸ್ತಗೀರ್ ಹತ್ತಿರ ಬಂದು ಮೆಲ್ಲಗೆ ಹೇಳಿದ…

"ಅಣ್ಣಾರ, ನೀವು ಖಾಲಿ ಹಾಲ್‌ಗೆ ಟ್ಯೂನ್ ಮಾಡೀರಿ. ಈಗ ಮಂದಿ ತುಂಬ್ಯಾರ. ಆ ಗುಂಯ್ ಅನ್ನೋದನ್ನ ಅವರೇ ಹೀರ್ಕೋತಾರ್ರಿ. ಇನ್ನ ಟೇಪ್ ಯಾಕ ಬೇಕು?"

ಎಷ್ಟೋ ಹೊಸಬರಿಗೆ ಇದನ್ನೇ ಹೇಳಿಕೊಟ್ಟವರು ಪುಂಡಲೀಕ… ಅವರಿಗೇ ಮರೆತುಹೋಗಿತ್ತು.

ಒಂದೊಂದೇ ಟೇಪ್ ಕಿತ್ತರು. ಕರವಸ್ತ್ರ, ಕಂಬಳಿಯನ್ನೂ ತೆಗೆದರು. ಮನೆಯಲ್ಲೂ ತಾನು ಇಷ್ಟು ದಿನ ದುಃಖಕ್ಕೆ ಹೀಗೇ ಟೇಪ್ ಅಂಟಿಸಿಕೊಂಡು ಕೂತಿದ್ದೇನೆ ಎಂದು ಆಗ ಹೊಳೆಯಿತು.

ಹಾಡು ಶುರುವಾಯಿತು. ಡ್ರಮ್ಸ್ ಬಾಯಿಬಿಟ್ಟು ಮಾತಾಡಿತು. ಎದುರಿಗಿದ್ದವರು ಜೊತೆಗೆ ಹಾಡಿದರು, ಆಕೆಯನ್ನು ಬಲ್ಲ ಎಷ್ಟೋ ಮಂದಿ ಅತ್ತರು.

ಪುಂಡಲೀಕ ಬಾರಿಸುತ್ತಲೇ ಅತ್ತರು. ಆಕೆ ಹೋದಾಗಿನಿಂದ ಮೊದಲ ಸಲ ಅವರ ಎದೆ ಹಗುರಾಯಿತು.

ಎಲ್ಲ ಮುಗಿದ ಮೇಲೆ, ಡ್ರಮ್ಸ್ ಯಾರಿಗೆ ಕೊಡುತ್ತೀರಿ ಎಂದು ದಸ್ತಗೀರ್ ಬೇಕೆಂದೇ ಕೆಣಕಿದ.

"ಅದಿರ್ಲಿ ಬಿಡೋ. ನಾಳೆ ಎಲ್ಲಾರೂ ನಮ್ಮನಿಗೆ ಊಟಕ್ಕ ಬರ್ರಿ… ಕುಂತು ಆಕಿ ಸುದ್ದಿ ಮಾತಾಡೋಣು."

ದುಃಖವನ್ನು ಅದುಮಿಟ್ಟರೆ ಬದುಕಿನ ನಾದವೂ ಅಡಗುತ್ತದೆ… ಅದನ್ನು ಹಗುರ ಮಾಡುವವರು ನಮ್ಮ ಜನ.

ನೋವಿನಲ್ಲಿ ನೀವು ದೂರ ಇಟ್ಟ ಯಾರಿಗೆ ಇವತ್ತು ಫೋನ್ ಮಾಡುತ್ತೀರಿ…?