ಖಾಲಿ ಅಡಿಟಿಪ್ಪಣಿ

ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಪ್ರೊಫೆಸರಮ್ಮನ ಮೈ ಉರಿದುಹೋಯಿತು. ಲೇಖನ ಬರೆದವನು ಅವನೇ, ಅನುಮಾನವೇ ಬೇಡ.

ಕಾನೂನು ಪತ್ರಿಕೆಯ ಸಂಪಾದಕರು ಅಭಿಪ್ರಾಯ ಕೇಳಿ ಕಳಿಸಿದ್ದ ಲೇಖನ ಅದು. ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೆ ತಿಳಿಯಬಾರದು, ಅದು ಪದ್ಧತಿ. ಹೆಸರು ಬರುವ ಸಾಲುಗಳನ್ನೆಲ್ಲ ಕಚೇರಿಯಲ್ಲೇ ಅಳಿಸಿದ್ದರು. ಆದರೆ ವಾದವನ್ನು ಅಳಿಸಲಾಗುತ್ತದೆಯೇ? ಒಂದು ದೇಶ ತನ್ನ ನೆಲದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿ, ಅದರ ವಿಷಗಾಳಿ ಗಡಿ ದಾಟಿದರೆ, ಆಚೆಕಡೆಯ ಬಡ ರೋಗಿಯೂ ಆ ದೇಶವನ್ನು ಕೋರ್ಟಿಗೆ ಎಳೆಯಬಹುದು. ಇದು ಅವಳ ವಾದ. ಸಂಶೋಧನೆಯ ದಿನಗಳಲ್ಲಿ ನಿದ್ದೆಗೆಟ್ಟು ಕಟ್ಟಿದ್ದು. ಅವಳ ಗೈಡ್ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡು ಊರೆಲ್ಲ ಮೆರೆದ. ಕೇಳಿದ್ದಕ್ಕೆ, "ನನ್ನ ಹತ್ರ ಕಲಿತದ್ದೆಲ್ಲ ನಂದೇ ಅಲ್ವೇನಮ್ಮಾ?" ಎಂದು ನಕ್ಕಿದ್ದ.

ಈಗ ಅದೇ ವಾದ, ಅವನದೇ ಶೈಲಿ. ಪ್ರತಿ ಭಾಗದ ಕೊನೆಗೂ ಒಂದು ಪ್ರಶ್ನೆ ಎಸೆಯುವ ಚಟ. ಅವನಿಂದ ಅಂಟಿಕೊಂಡಿದ್ದ ಅದನ್ನು ಬಿಡಿಸಿಕೊಳ್ಳಲು ಅವಳಿಗೂ ವರ್ಷಗಳು ಹಿಡಿದಿದ್ದವು. ಶೀರ್ಷಿಕೆಯ ಪಕ್ಕ ಅಡಿಟಿಪ್ಪಣಿಯ ಸಂಖ್ಯೆ ಇತ್ತು. ಪುಟದ ಕೆಳಗೆ ನೋಡಿದರೆ ಜಾಗ ಖಾಲಿ.

"ಋಣ ಒಪ್ಪಿಕೊಳ್ಳೋಕೆ ಒಂದು ಸಾಲೂ ಇಲ್ಲ. ನೋಡಿ ಇವನ ಕೊಬ್ಬು!" ಎಂದಳು ಗಂಡನಿಗೆ.

"ಅವನೇ ಅಂತ ಏನು ಖಾತ್ರಿ?"

"ಅವನ ಬರವಣಿಗೆ ನಂಗೆ ಗೊತ್ತಾಗಲ್ವಾ?"

ಗಂಡ ಪಾತ್ರೆ ತೊಳೆಯಲು ಹೋದ.

ಅವಳು ಬರೆದಳು: 'ಈ ವಾದ ಕದ್ದದ್ದು. ಬರೆದ ವ್ಯಕ್ತಿ ಪಾಠ ಹೇಳಲು ನಾಲಾಯಕ್ಕು. ಪ್ರಕಟಿಸಕೂಡದು.' ಕಳಿಸಿದ ಮೇಲೆ ಹೊಟ್ಟೆ ತಣ್ಣಗಾಯಿತು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಕೆಲವು ವಾರ ಕಳೆದು ಒಬ್ಬ ಯುವತಿ ಕಾಲೇಜಿನಲ್ಲಿ ಅವಳ ಕೋಣೆಯ ಬಾಗಿಲು ತಟ್ಟಿದಳು. ಅತ್ತು ಅತ್ತು ಕಣ್ಣು ಊದಿತ್ತು. ಅದೇ ಗೈಡ್‌ನ ಈಗಿನ ವಿದ್ಯಾರ್ಥಿನಿಯಂತೆ.

"ಗಡಿ ದಾಟೋ ವಿಷಗಾಳಿ ಬಗ್ಗೆ ನಾನೊಂದು ಲೇಖನ ಬರೆದಿದ್ದೆ ಮೇಡಂ. ಅದನ್ನ ಓದಿದೋರು ಯಾರೋ ನನ್ನನ್ನೇ ಕಳ್ಳಿ ಅಂದಿದ್ದಾರೆ. ಲೇಖನ ಅಚ್ಚಾಗದೆ ಕೈಗೆ ಬಂದಿದ್ದ ಕೆಲಸ ಹೋಯ್ತು. ಸರ್ ಮಾತ್ರ ಖುಷಿಯಾಗಿ ವಿಭಾಗಕ್ಕೆಲ್ಲ ಟೀ ಕೊಡಿಸಿದ್ರು."

ಪ್ರೊಫೆಸರಮ್ಮ ಎದ್ದು ಬಾಗಿಲು ಮುಚ್ಚಿದಳು. "ಅವರಿಗ್ಯಾಕೆ ಖುಷಿ?"

ಯುವತಿ ಹೆಸರುಗಳನ್ನು ಅಳಿಸುವ ಮೊದಲಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ಮೊದಲ ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟಳು.

'ಈ ವಾದವನ್ನು ನನ್ನ ಗೈಡ್ ಕದ್ದಿದ್ದಾರೆ. ಅವರ ಪುಸ್ತಕಕ್ಕೂ ಮೊದಲೇ ತಮ್ಮ ಪ್ರಬಂಧದಲ್ಲಿ ಇದನ್ನು ಬರೆದವರು' ಎಂದು ಶುರುವಾಗಿದ್ದ ಆ ಸಾಲು ಮುಗಿದದ್ದು ಪ್ರೊಫೆಸರಮ್ಮನ ಹೆಸರಿನಲ್ಲಿ.