ಗಾಲಿಕುರ್ಚಿಯ ಸಾಲು

ಆ ಮುದುಕಿ ನಟಿಸುತ್ತಿದ್ದಾಳೆಂದು ಮೊದಲ ನೋಟಕ್ಕೇ ತೀರ್ಪು ಕೊಟ್ಟವರಲ್ಲಿ ನೀವೂ ಒಬ್ಬರಲ್ಲವೇ?

ಅಲ್ಲವೆನ್ನಬೇಡಿ. ನಿಮ್ಮ ಕಡೆಯ ಸಾಕ್ಷ್ಯವನ್ನೇ ಮೊದಲು ಹೇಳುತ್ತೇನೆ.

ಡಿಸೆಂಬರಿನ ಕೊನೆಯ ವಾರ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಲ್ಲೂರಿನ ಬೈರಮ್ಮ ಕಾರಿನಿಂದ ಇಳಿದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿನವರೆಗೆ ಬಿರಬಿರನೆ ನಡೆದಳು. ಸಾಮಾನು ಹೇರಿದ ಟ್ರಾಲಿಯನ್ನು ತಳ್ಳುತ್ತ ಮಗ ಕಾಂತರಾಜು ಹಿಂದೆ ಬಂದ. ಮೂವತ್ತರ ಹರೆಯ, ಅಗಲವಾದ ಭುಜ. ಸಿಬ್ಬಂದಿಯವನು ಗಾಲಿಕುರ್ಚಿ ತಂದು ನಿಲ್ಲಿಸಿದ. ಬೈರಮ್ಮ ಸುತ್ತಲೂ ಒಮ್ಮೆ ನೋಡಿ, ಅದರಲ್ಲಿ ಕುಳಿತಳು. ಅವರೆಕಾಯಿಯ ಚೀಲವನ್ನೂ ರಾಗಿಹಿಟ್ಟಿನ ಚೀಲವನ್ನೂ ತೊಡೆಯ ಮೇಲೆ ಎಳೆದುಕೊಂಡಳು.

"ಬಿಡಿ ಸಾರ್, ನಾನು ತಳ್ತೀನಿ," ಎಂದ ಸಿಬ್ಬಂದಿಯವನು.

"ಬೇಡ ಗುರು, ನಾನೇ ತಳ್ತೀನಿ," ಎಂದು ಕಾಂತರಾಜು ಹಿಡಿಕೆಗಳನ್ನು ಭದ್ರವಾಗಿ ಹಿಡಿದ.

ರಜೆಯ ನೂಕುನುಗ್ಗಲಿನಲ್ಲಿ ಅಶಕ್ತರ ಪ್ರಯಾಣ ಸುಗಮವಾಗಲೆಂದು ಪ್ರತ್ಯೇಕ ಸಾಲೊಂದನ್ನು ಮಾಡಿದ್ದರು. ಟ್ರಾಲಿಯನ್ನು ಸಿಬ್ಬಂದಿಯವನಿಗೆ ಬಿಟ್ಟು ತಾಯಿ ಮಗ ಅದನ್ನು ಸೇರಿದರು. ನಡುವೆ ಒಂದು ಪಟ್ಟಿ. ಅದರಾಚೆ ಆಮೆಯಂತೆ ತೆವಳುತ್ತಿದ್ದ ಸಾಮಾನ್ಯ ಸಾಲು. ಅಲ್ಲಿ ಹೊಸಕೋಟೆಯ ಸುನಿಲ್‌ಕುಮಾರ್ ಹೆಂಡತಿ ರಮ್ಯಳೊಂದಿಗೆ ಬಹಳ ಹೊತ್ತಿನಿಂದ ನಿಂತು ಕುದಿಯುತ್ತಿದ್ದ.

"ಏನಜ್ಜಿ, ಗಾಜಲ್ಲಿ ನೋಡ್ದೆ, ಹೊರಗಡೆ ಓಡ್ತಾ ಬಂದ್ರಿ. ಒಳಗೆ ಬಂದ ತಕ್ಷಣ ಕಾಲು ಬಿದ್ದೋಯ್ತಾ?"

ಸಾಲು ನಕ್ಕಿತು. ಬೈರಮ್ಮ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಕಾಲು ಚೆನ್ನಾಗೈತೆ ಕಣಪ್ಪಾ. ಮೊನ್ನೆ ರಾಗಿ ಕುಯ್ದಿದ್ದು ಇದೇ ಕಾಲ್ಮೇಲೆ ನಿಂತ್ಕೊಂಡು."

"ಹಂಗಾದ್ರೆ ಎದ್ದೇಳಿ!"

"ಏಳಲ್ಲ."

"ರೀ, ಸುಮ್ನಿರಿ," ಎಂದು ರಮ್ಯ ಗಂಡನ ತೋಳು ಜಗ್ಗಿದಳು.

"ಯಾಕ್ ಸುಮ್ನಿರ್ಲಿ? ಮಾನ ಮರ್ಯಾದೆ ಬೇಡ್ವಾ ಇವ್ರಿಗೆ?"

"ಅದು ನಿನ್ ಹತ್ರ ಇದ್ರೆ ಜೋಪಾನ ಮಾಡ್ಕೋ ಮಗ. ನಾನಂತೂ ಏಳಲ್ಲ. ಎದ್ರೆ ಕೆಲ್ಸ ಕೆಡ್ತದೆ."

ಅಷ್ಟರಲ್ಲಿ ಕಾಂತರಾಜುವಿನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಕೈ ಹಾಕಲಿಲ್ಲ. ಮುಂದಕ್ಕೆ ಬಾಗಿದ, ಅಷ್ಟೆ. ಬೈರಮ್ಮ ಕುಳಿತಲ್ಲೇ ಹಿಂದಕ್ಕೆ ತಿರುಗಿ ಫೋನನ್ನು ಎಳೆದುಕೊಂಡಳು.

"ಮಹಾರಾಜ್ರಿಗೆ ಫೋನ್ ತೆಗೆಯೋಕೂ ಅಮ್ಮನೇ ಬೇಕು ನೋಡಿ!" ಎಂದ ಸುನಿಲ್‌ಕುಮಾರ್.

ಕರೆ ಮಾಡಿದವಳು ಪುಣೆಯಲ್ಲಿದ್ದ ಮಗಳು ಅಕ್ಷತ. ಮರುದಿನ ಬೆಳಿಗ್ಗೆ ಅವಳ ಮಗುವಿಗೆ ಕಿವಿ ಚುಚ್ಚಿಸುವ ಶಾಸ್ತ್ರ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಇವರ ಮನೆತನದಲ್ಲಿ ಅದಕ್ಕೆ ಬೇರೆ ತೊಡೆ ನಡೆಯದು. ಈ ವಿಮಾನ ತಪ್ಪಿದರೆ ರಜೆಯ ದಟ್ಟಣೆಯಲ್ಲಿ ಇನ್ನೊಂದಕ್ಕೆ ಟಿಕೆಟ್ ಇರಲಿಲ್ಲ.

"ಬರ್ತಾ ಇದೀವಿ ಕಣೆ," ಎಂದಳು ಬೈರಮ್ಮ. "ನಿಮ್ಮಣ್ಣ ಹೆಂಗೆ ಬರ್ತೀನಿ ಅಂದಿದ್ನೋ ಹಂಗೇ ಬರ್ತಾವ್ನೆ. ನೀನು ಮೊದ್ಲು ಅಳೋದು ನಿಲ್ಸು."

ಗದ್ದಲ ಕೇಳಿ ಸಮವಸ್ತ್ರದ ಯಶಸ್ವಿನಿ ಧಾವಿಸಿ ಬಂದಳು. ಆ ಸಾಲಿನ ಉಸ್ತುವಾರಿ ಅವಳದು. ಮಾತು ಮೃದುವಾಗಿತ್ತು, ನಿಯಮ ಮೃದುವಾಗಿರಲಿಲ್ಲ.

"ಅಮ್ಮ, ನಡೆಯೋಕೆ ಆಗುತ್ತಾ ನಿಮ್ಗೆ?"

"ಆಗ್ತದೆ ತಾಯಿ. ಸುಳ್ಳು ಯಾಕೆ ಹೇಳ್ಲಿ?"

"ಕೇಳಿದ್ರಾ! ಬಾಯಿಬಿಟ್ಟು ಒಪ್ಕೊಂಡ್ಲು!" ಸುನಿಲ್‌ಕುಮಾರ್ ಸುತ್ತಲಿನವರತ್ತ ತಿರುಗಿದ. ಅವರೆಲ್ಲ ತಲೆಯಾಡಿಸಿದರು. ಕೆಲವರು ಮೊಬೈಲು ಎತ್ತಿ ಚಿತ್ರ ತೆಗೆಯತೊಡಗಿದರು. ನೆನಪಿಸಿಕೊಳ್ಳಿ, ಒಬ್ಬರಾದರೂ "ಯಾಕೆ ಕೂತಿದ್ದೀರಿ?" ಎಂದು ಕೇಳಿದರೇ? ಎಲ್ಲರ ಬಾಯಲ್ಲೂ ಇದ್ದದ್ದು "ಎದ್ದೇಳಿ" ಎಂಬ ಆಜ್ಞೆಯೊಂದೇ.

ಯಶಸ್ವಿನಿ ಒಂದು ದಾರಿ ಹುಡುಕಿದಳು. "ಹೋಗ್ಲಿ, ವಯಸ್ಸಾದವರು. ಅಮ್ಮನ್ನ ನಮ್ಮ ಹುಡುಗ ಕರ್ಕೊಂಡು ಹೋಗ್ತಾನೆ. ಸಾರ್, ನೀವು ಮಾತ್ರ ಆ ಸಾಲಿಗೆ ಹೋಗಿ."

"ಕೈ ಬಿಡಲ್ಲ ಮೇಡಂ," ಎಂದ ಕಾಂತರಾಜು. ಅವನ ಹಣೆಯಲ್ಲಿ ಬೆವರು ಮೂಡಿತ್ತು. "ಏನ್ ಬೇಕಾದ್ರೂ ಮಾಡ್ಕೊಳ್ಳಿ. ಬಿಡಲ್ಲ."

"ನಾನ್ ಬಿಡಿಸ್ತೀನಿ!"

ಸುನಿಲ್‌ಕುಮಾರ್ ಪಟ್ಟಿಯ ಕೆಳಗೆ ನುಸುಳಿ ಬಂದ. ಕಾಂತರಾಜುವಿನ ಮುಂಗೈಗಳನ್ನು ಹಿಡಿದು, ಹಿಡಿಕೆಯಿಂದ ಕಿತ್ತು, ಪಕ್ಕಕ್ಕೆ ನೂಕಿದ.

ಆ ಅಗಲ ಭುಜದ ಆಳು ಒಂದು ಹೆಜ್ಜೆಯನ್ನೂ ಹಾಕಲಿಲ್ಲ. ಕಡಿದ ಮರದಂತೆ ನೆಲಕ್ಕೆ ಉರುಳಿದ.

ಸುನಿಲ್‌ಕುಮಾರನ ಕೈ ಗಾಳಿಯಲ್ಲೇ ಉಳಿಯಿತು. ರಮ್ಯ ಮುಖ ಮುಚ್ಚಿಕೊಂಡಳು. ಎಲ್ಲರ ಕಣ್ಣು ಬೈರಮ್ಮನತ್ತ ತಿರುಗಿತು.

ಅವಳು ಆಗಲೂ ಏಳಲಿಲ್ಲ.

"ಎಂಥ ತಾಯಿ ಇವಳು!" ಎಂದಿತು ಹಿಂದಿನಿಂದ ಒಂದು ದನಿ. ಯಶಸ್ವಿನಿ ಬಿದ್ದವನನ್ನು ಎತ್ತಲು ಬಾಗಿದಳು.

"ಮುಟ್ಬೇಡ ತಾಯಿ," ಎಂದಳು ಬೈರಮ್ಮ. "ಅವನೇ ಏಳ್ತಾನೆ."

ಅವಳು ಗಾಲಿಯ ತಡೆ ಹಾಕಿದಳು. ತೊಡೆಯ ಮೇಲಿನ ಚೀಲಗಳನ್ನು ಅವುಚಿಕೊಂಡು, ಮೈಯ ಭಾರವನ್ನೆಲ್ಲ ಮುಂದಕ್ಕೆ ಒಡ್ಡಿ ಕುಳಿತಳು. ಕಾಂತರಾಜು ತೆವಳಿ ಬಂದ. ಕುರ್ಚಿಯ ಕಂಬಿ ಹಿಡಿದ. ಮೇಲಿನ ಹಿಡಿಕೆ ಹಿಡಿದ. ತೋಳಿನ ನರಗಳು ಉಬ್ಬಿದವು. ಕುರ್ಚಿ ಕದಲಲಿಲ್ಲ. ಅವನು ಎದ್ದು ನಿಂತ.

ಆಗ ಬೈರಮ್ಮ ಮೊದಲ ಬಾರಿಗೆ ಸಾಲಿನತ್ತ ಮುಖ ತಿರುಗಿಸಿದಳು.

"ಕುರ್ಚಿ ತರಿಸಿದ್ದು ಇವನ ಹೆಸರಿಗೆ. ಬೈಕಿಂದ ಬಿದ್ದು ಸೊಂಟದ ಬಲ ಹೋದ್ಮೇಲೆ ಇವತ್ತೇ ಮೊದ್ಲು ಊರು ದಾಟಿರೋದು. ತಂಗಿ ಮನೆಗೆ ನಡ್ಕೊಂಡೇ ಹೋಗ್ತೀನಿ ಅಂತ ಹಟ ಹಿಡಿದ. ಖಾಲಿ ಕುರ್ಚಿ ಊರ್ಕೊಂಡ್ರೆ ಮಗುಚ್ಕೊಳ್ತದೆ. ಕೂಸಾಗಿದ್ದಾಗ ಮರದ ಮೂರು ಗಾಲಿ ಬಂಡಿ ಮೇಲೆ ಕಲ್ಲು ಹೇರಿ ಇವನಿಗೆ ನಡಿಗೆ ಕಲಿಸಿದ್ದೆ. ಈಗ ಆ ಕಲ್ಲಿನ ಜಾಗ್ದಲ್ಲಿ ನಾನು ಕೂತಿದೀನಿ."

ಮುಂದಿನ ರಜೆಯಲ್ಲಿ ನಿಮ್ಮ ಪಕ್ಕದ ಸಾಲಿನಲ್ಲಿ ಯಾರಾದರೂ ಕುಳಿತು ಹೋಗುವುದನ್ನು ಕಂಡರೆ, ದಯವಿಟ್ಟು ಬಾಯಿ ಮುಚ್ಚಿಕೊಂಡು ದಾರಿ ಬಿಡಿ.